ಮಳೆ ಎಣಿಸುವ ಪೆಟ್ಟಿಗೆ: ಎಲೆಕ್ಟ್ರಾನಿಕ್ಸ್ ಸಾಧನವೊಂದನ್ನು ಯೋಚಿಸಿ, ಕಟ್ಟಿ, ಮಳೆಗೆ ಇಳಿಸುವವರೆಗೆ

ಎಲೆಕ್ಟ್ರಾನಿಕ್ಸ್ ಕಲಿಯಬೇಕು ಅಂತ ಹೊರಟವರು ಮೊದಲು ಮಾಡುವ ಕೆಲಸ ಹತ್ತಿಪ್ಪತ್ತು ಬಗೆಯ ಸೆನ್ಸರ್ ಇರುವ ಕಿಟ್ ತರಿಸುವುದು. ಒಂದು ವಾರ ಎಲ್‌ಇಡಿ ಮಿನುಗುತ್ತದೆ, ಬಜರ್ ಕಿರುಚುತ್ತದೆ, ಆಮೇಲೆ ಡಬ್ಬಿ ಅಟ್ಟ ಸೇರುತ್ತದೆ. ಯಾರಿಗಾಗಿ, ಯಾವ ಕೆಲಸಕ್ಕೆ ಅಂತ ಇಲ್ಲದೆ ಕಲಿತ ಸೆನ್ಸರ್ ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಒಂದೇ ಒಂದು ಸಾಧನವನ್ನು ಹಿಡಿದು ಕೊನೆಯವರೆಗೂ ಹೋಗೋಣ. ಕೊಡಗಿನ ಯಾವ ತೋಟದ ಮನೆಯಲ್ಲೂ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ: ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ತಾನೇ ಎಣಿಸಿ, ಜಗಲಿಯಲ್ಲಿ ತೋರಿಸುವ ಪೆಟ್ಟಿಗೆ.

ಹಿಂದಿನ ಅನುಭವ ಬೇಕಿಲ್ಲ. ಹೈಸ್ಕೂಲಿನ ಗಣಿತ ಸಾಕು. ಶನಿವಾರ, ಭಾನುವಾರ ಕೂತರೆ ಒಂದೆರಡು ತಿಂಗಳಲ್ಲಿ ಮುಗಿಯುವ ಕೆಲಸ.

ಮೊದಲು ಮನುಷ್ಯರನ್ನು ನೋಡಿ

ಬೋರ್ಡ್ ಮುಟ್ಟುವ ಮೊದಲು ಮಳೆ ಅಳೆಯುವವರು ಬೆಳಿಗ್ಗೆ ಏನೇನು ಮಾಡುತ್ತಾರೆ ಅಂತ ಹತ್ತಿರ ನಿಂತು ನೋಡಿ. ಅಜ್ಜನೋ, ತೋಟದ ಲೆಕ್ಕ ಬರೆಯುವ ರೈಟರೋ ಛತ್ರಿ ಹಿಡಿದು ಕಣದ ಮೂಲೆಗೆ ಹೋಗುತ್ತಾರೆ. ಮಳೆಮಾಪಕದ ನೀರನ್ನು ಗಾಜಿನ ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ನೋಡುತ್ತಾರೆ, ಚೆಲ್ಲುತ್ತಾರೆ. ಒಳಗೆ ಬಂದು ಡೈರಿಯಲ್ಲಿ 1.20 ಅಂತ ಬರೆಯುತ್ತಾರೆ. ಒಂದು ಇಂಚು ಇಪ್ಪತ್ತು ಸೆಂಟ್ ಅಂತ ಅರ್ಥ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು ಮಿಲಿಮೀಟರಿನಲ್ಲಿ ಬರೆದುಕೊಳ್ಳುತ್ತದೆ. ತೋಟದವರಿಗೆ ಇಂಚೇ ಬೇಕು, ಏಕೆಂದರೆ ತಾತನ ಕಾಲದ ಡೈರಿ ಇರುವುದೂ ಇಂಚಿನಲ್ಲೇ.

ಈ ಸಂಖ್ಯೆಯ ಮೇಲೆ ದುಡ್ಡಿನ ತೀರ್ಮಾನವೂ ನಿಂತಿದೆ. ಫೆಬ್ರುವರಿ-ಮಾರ್ಚ್‌ನಲ್ಲಿ ಹೂ ಅರಳಿಸುವ ಹೂಮಳೆ ರೊಬಸ್ಟಾ ಕಾಫಿಗೆ ಸುಮಾರು ಒಂದು ಇಂಚು ಬಿದ್ದರೆ ಸರಿ. ಇಪ್ಪತ್ತು ಸೆಂಟ್‌ಗೆ ನಿಂತುಬಿಟ್ಟರೆ ಸ್ಪ್ರಿಂಕ್ಲರ್ ಹೊರಡಿಸಬೇಕೋ ಬೇಡವೋ ಎಂಬ ಚಿಂತೆ. ರಾತ್ರಿ ಹತ್ತಕ್ಕೆ ಮಳೆ ನಿಂತಾಗಲೇ ಎಷ್ಟು ಬಿತ್ತು ಅಂತ ಜಗಲಿಯಲ್ಲೇ ಗೊತ್ತಾದರೆ ಪ್ರಯೋಜನ ಇದೆ.

ನೋಡಿದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ: ಯಾರು, ಯಾವಾಗ, ಯಾವ ಬೆಳಕಿನಲ್ಲಿ, ಒದ್ದೆ ಕೈಯೋ ಒಣ ಕೈಯೋ, ಕನ್ನಡಕ ಹಾಕಿದ್ದಾರೋ ಇಲ್ಲವೋ. ಮುಂದಿನ ಎಲ್ಲ ನಿರ್ಧಾರಗಳಿಗೂ ಈ ಹಾಳೆಯೇ ಆಧಾರ.

ರಟ್ಟಿನ ಮಾದರಿ

ಚಪ್ಪಲಿ ಡಬ್ಬಿಯ ಮುಚ್ಚಳದಲ್ಲಿ ಕಿಟಕಿ ಕೊರೆಯಿರಿ. ಸಂಖ್ಯೆಗಳನ್ನು ಬರೆದ ಕಾಗದದ ಪಟ್ಟಿಯನ್ನು ಹಿಂದಿನಿಂದ ಎಳೆಯುವಂತೆ ಮಾಡಿ. ಬಾಟಲಿ ಮುಚ್ಚಳ ಅಂಟಿಸಿದರೆ ಅದೇ ಗುಂಡಿ. ಡಬ್ಬಿಯನ್ನು ಅಜ್ಜನ ಮುಂದಿಟ್ಟು, "ರಾತ್ರಿ ಮಳೆ ಬಂತು ಅಂತ ಇಟ್ಕೊಳ್ಳಿ, ಈಗ ಏನು ಮಾಡ್ತೀರಿ?" ಅಂತ ಕೇಳಿ. ಅವರು ಗುಂಡಿ ಒತ್ತಿದಾಗ ನೀವು ಹಿಂದೆ ಕೂತು ಪಟ್ಟಿ ಎಳೆಯಬೇಕು. ಕಂಪ್ಯೂಟರಿನ ಕೆಲಸವನ್ನು ಸದ್ಯಕ್ಕೆ ನಿಮ್ಮ ಕೈ ಮಾಡುತ್ತಿರುತ್ತದೆ.

ಇದು ಮಕ್ಕಳಾಟ ಅನ್ನಿಸಬಹುದು. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಉಳಿಸುವ ಹಂತ ಇದೇ. ಒಂದು ಉದಾಹರಣೆ ನೋಡಿ. ಗಡಿಯಾರದ ಚಿಪ್ ಹಾಕಿ, ಬೆಳಿಗ್ಗೆ 8.30ಕ್ಕೆ ಲೆಕ್ಕ ತಾನಾಗಿ ಸೊನ್ನೆಗೆ ಬರುವಂತೆ ಮಾಡೋಣ ಅಂತ ಯಾರಿಗಾದರೂ ಮೊದಲು ಹೊಳೆಯುತ್ತದೆ. ರಟ್ಟಿನ ಡಬ್ಬಿ ಮುಂದೆ ಕೂತವರು ಬೇರೆಯೇ ಹೇಳುತ್ತಾರೆ: "ಅಲ್ಲ ಮಗ, ನಾನು ಎದ್ದು ಬರೋದು ಒಂಬತ್ತಾದ್ರೆ? ನಾನು ಬರೆಯೋ ಮೊದಲೇ ಅಳಿಸಿಬಿಡ್ತದಾ ಇದು?" ಗಾಜಿನ ಗ್ಲಾಸ್ ಅವರು ಚೆಲ್ಲುವವರೆಗೂ ಕಾಯುತ್ತದೆ. ಪೆಟ್ಟಿಗೆಯೂ ಹಾಗೇ ಕಾಯಲಿ. ಗುಂಡಿಯನ್ನು 3 ಸೆಕೆಂಡ್ ಒತ್ತಿ ಹಿಡಿದರೆ ಗ್ಲಾಸ್ ಖಾಲಿ ಮಾಡಿದ ಹಾಗೆ. ಆಗ ಮೇಲಿನ ಸಾಲು ಸೊನ್ನೆಯಾಗಿ, ಹಳೆಯ ಸಂಖ್ಯೆ ಕೆಳಗಿನ ಸಾಲಿಗೆ ಇಳಿಯುತ್ತದೆ, ಬರೆಯಲು ಮರೆತವರಿಗೆ ಅಲ್ಲಿ ಸಿಗುತ್ತದೆ. ಸುಮ್ಮನೆ ಒಮ್ಮೆ ಒತ್ತಿದರೆ ಪರದೆಯ ದೀಪ ಸ್ವಲ್ಪ ಹೊತ್ತು ಹತ್ತುತ್ತದೆ, ಅಷ್ಟೇ. ಗಡಿಯಾರದ ಚಿಪ್ಪೂ ಬೇಡ, ಅದರ ಕೋಡೂ ಬೇಡ.

ಸಾಮಾನು

ಆರ್ಡುಯಿನೋ ಊನೋ ಬೋರ್ಡ್ ಒಂದು, ಅಂದರೆ ನಾವು ಬರೆದ ಕೋಡ್ ನಡೆಸುವ ಪುಟ್ಟ ಕಂಪ್ಯೂಟರ್. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಇಂಜಿನಿಯರರಲ್ಲದ ವಿನ್ಯಾಸ ವಿದ್ಯಾರ್ಥಿಗಳಿಗಾಗಿ ಶುರುವಾದ ಯೋಜನೆ ಇದು, ಆದ್ದರಿಂದಲೇ ಹೊಸಬರಿಗೆ ಇದು ಕೈಗೆಟುಕುವುದು. 5 ವೋಲ್ಟಿನಲ್ಲಿ ನಡೆಯುತ್ತದೆ, 14 ಡಿಜಿಟಲ್ ಪಿನ್ ಇವೆ, ಸಣ್ಣಪುಟ್ಟ ತಪ್ಪನ್ನು ತಡೆದುಕೊಳ್ಳುತ್ತದೆ. ಅಗ್ಗದ ನಕಲು ಬೋರ್ಡೂ ಆಗುತ್ತದೆ. ಅದರಲ್ಲಿ ಹೆಚ್ಚಾಗಿ ಸಿಎಚ್340 ಚಿಪ್ ಇರುವುದರಿಂದ ಕಂಪ್ಯೂಟರಿಗೆ ಅದರ ಡ್ರೈವರ್ ಹಾಕಬೇಕಾಗಬಹುದು.

ಜೊತೆಗೆ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ತೂತಿನ ಹಲಗೆ), ಜಂಪರ್ ವೈರ್, ಕೆಲವು ಎಲ್‌ಇಡಿ, 220 ಓಮ್ ಮತ್ತು 4.7 ಕಿಲೋಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಆಯಸ್ಕಾಂತ ಹತ್ತಿರ ಬಂದರೆ ಕೂಡುವ ರೀಡ್ ಸ್ವಿಚ್ ಎರಡು (ಒಂದು ಒಡೆದೇ ಒಡೆಯುತ್ತದೆ), ಪುಟ್ಟ ಆಯಸ್ಕಾಂತ, ಹಿಂಬದಿಯಲ್ಲಿ ಐ2ಸಿ ಅಡಾಪ್ಟರ್ (ನಾಲ್ಕೇ ತಂತಿಯಲ್ಲಿ ಜೋಡಿಸಲು) ಇರುವ 16×2 ಎಲ್‌ಸಿಡಿ ಪರದೆ. ಗುಂಡಿಗೆ ಕಿಟ್ಟಿನ ಕಡಲೆಕಾಳಿನಷ್ಟು ಸ್ವಿಚ್ ಬೇಡ. ಎಲೆಕ್ಟ್ರಿಕಲ್ ಅಂಗಡಿಯ ಕಾಲಿಂಗ್ ಬೆಲ್ ಸ್ವಿಚ್ ತನ್ನಿ. ಒದ್ದೆ ಹೆಬ್ಬೆರಳಿಗೂ ಸಿಗುತ್ತದೆ, ಕೆಟ್ಟರೆ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಇನ್ನೊಂದು ಸಿಗುತ್ತದೆ. ಉಳಿದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ, ಇಲ್ಲವೇ ಆನ್‌ಲೈನಿನಲ್ಲಿ.

ಮಲ್ಟಿಮೀಟರ್ ಮಾತ್ರ ತಪ್ಪಿಸಬೇಡಿ. ಅಗ್ಗದ್ದಾದರೂ ಸರಿ, ತಂತಿ ಕೂಡಿದೆಯೇ ಅಂತ ಬೀಪ್ ಮಾಡಿ ಹೇಳುವಂಥದ್ದಾಗಿರಲಿ. ಇನ್ನೊಂದು ಮಾತು: ಮೊಬೈಲಿನ ಕೆಲವು ಕೇಬಲ್‌ಗಳು ಚಾರ್ಜ್ ಮಾತ್ರ ಮಾಡುತ್ತವೆ, ಡೇಟಾ ಸಾಗಿಸುವುದಿಲ್ಲ. ಬೋರ್ಡಿನ ದೀಪ ಹತ್ತಿಯೂ ಕಂಪ್ಯೂಟರಿಗೆ ಅದು ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ.

ಸಾಮಾನು ಬರುವವರೆಗೆ ಟಿಂಕರ್‌ಕ್ಯಾಡ್ ಅಥವಾ ವೋಕ್ವಿಯಲ್ಲಿ ಸರ್ಕಿಟ್ ಜೋಡಿಸಿ ಅಭ್ಯಾಸ ಮಾಡಬಹುದು, ಎರಡೂ ಬ್ರೌಸರಿನಲ್ಲೇ ನಡೆಯುತ್ತವೆ. ಕೋಡ್ ಬರೆದು ಬೋರ್ಡಿಗೆ ಹಾಕುವ ತಂತ್ರಾಂಶವಾದ ಆರ್ಡುಯಿನೋ ಐಡಿಇಯನ್ನು ಮಾತ್ರ ಮೊದಲೇ ಇಳಿಸಿಕೊಂಡಿರಿ. ಆಮೇಲೆ ನೆಟ್ ಇಲ್ಲದಿದ್ದರೂ ಕೆಲಸ ಸಾಗುತ್ತದೆ, ಜುಲೈನಲ್ಲಿ ಅದು ದೊಡ್ಡ ಅನುಕೂಲ.

ದೀಪ ಮತ್ತು ಗುಂಡಿ

ಬ್ರೆಡ್‌ಬೋರ್ಡಿನಲ್ಲಿ ಅಡ್ಡ ಸಾಲಿನ ಐದೈದು ತೂತುಗಳು ಒಳಗೆ ಕೂಡಿಕೊಂಡಿವೆ, ನಡುವಿನ ಕಾಲುವೆ ದಾಟಿದರೆ ಬೇರೆ ಸಾಲು. ಅಂಚಿನ ಉದ್ದ ಪಟ್ಟಿಗಳು ಪ್ಲಸ್, ಮೈನಸ್‌ಗೆ. ಕೆಲವು ಬೋರ್ಡಿನಲ್ಲಿ ಈ ಪಟ್ಟಿ ಅರ್ಧದಲ್ಲೇ ತುಂಡಾಗಿರುತ್ತದೆ, ಮೀಟರ್ ಇಟ್ಟು ನೋಡಿಕೊಳ್ಳಿ.

ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ನುಂಗುತ್ತದೆ. ಪಿನ್ ಕೊಡುವುದು 5. ಉಳಿದ 3 ವೋಲ್ಟನ್ನು 220 ಓಮ್‌ನಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪ್. ಒಂದು ಪಿನ್ನಿನಿಂದ 20ರೊಳಗೆ ಎಳೆಯುವುದು ಕ್ಷೇಮ, ಅಂದರೆ ಸರಿಹೋಯಿತು. ಓಮ್‌ನ ನಿಯಮ ಈ ಸಾಧನಕ್ಕೆ ಇಷ್ಟು ಗೊತ್ತಿದ್ದರೆ ಸಾಕು. ರೆಸಿಸ್ಟರ್ ಮೇಲೆ ಕೆಂಪು, ಕೆಂಪು, ಕಂದು ಪಟ್ಟಿ ಇದ್ದರೆ ಅದು 220.

ಮುಂದೆ ಗುಂಡಿ. ಒಂದು ಕಾಲು ಪಿನ್ 3ಕ್ಕೆ, ಇನ್ನೊಂದು ಗ್ರೌಂಡಿಗೆ. ಕೋಡಿನಲ್ಲಿ ಆ ಪಿನ್ನನ್ನು 'ಇನ್‌ಪುಟ್ ಪುಲಪ್' ಅಂತ ಹೇಳಿ. ಹಾಗೆ ಹೇಳಿದರೆ ಚಿಪ್ಪಿನ ಒಳಗಿನ ರೆಸಿಸ್ಟರ್ ಪಿನ್ನನ್ನು 5 ವೋಲ್ಟಿಗೆ ಎಳೆದು ಹಿಡಿಯುತ್ತದೆ, ಒತ್ತಿದಾಗ ಸೊನ್ನೆಗೆ ಬೀಳುತ್ತದೆ. ಒತ್ತಿದರೆ 'ಲೋ', ಬಿಟ್ಟರೆ 'ಹೈ'. ತಿರುವುಮುರುವು ಅನ್ನಿಸಿದರೂ ಎರಡು ದಿನದಲ್ಲಿ ರೂಢಿಯಾಗುತ್ತದೆ. ಗುಂಡಿ ಒತ್ತಿದಾಗ ದೀಪ ಹತ್ತುವಂತೆ ಮಾಡಿ. ಅದಾದರೆ ಮುಂದೆ ಹೋಗಿ.

ತೂಗುವ ಬಟ್ಟಲು

ಈ ಸಾಧನದ ಜೀವ ಇರುವುದು ಬೋರ್ಡಿನಲ್ಲಲ್ಲ, ಇಲ್ಲಿ. ಆಲಿಕೆಯಿಂದ (ಫನೆಲ್ ಅನ್ನಿ) ಬಿದ್ದ ನೀರು ನಡುವೆ ಗೋಡೆಯಿರುವ ಪುಟ್ಟ ಜೋಡಿ ಬಟ್ಟಲಿಗೆ ಇಳಿಯುತ್ತದೆ. ಒಂದು ಪಾಲು ತುಂಬಿದ ಕೂಡಲೇ ಭಾರಕ್ಕೆ ವಾಲಿ ಚೆಲ್ಲುತ್ತದೆ, ಇನ್ನೊಂದು ಪಾಲು ನೀರಿನ ಕೆಳಗೆ ಬರುತ್ತದೆ. ಪ್ರತಿ ವಾಲಿಗೂ ಬಟ್ಟಲಿಗೆ ಅಂಟಿಸಿದ ಆಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಸ್ವಿಚ್ ಒಂದು ಗಳಿಗೆ ಕೂಡುತ್ತದೆ. ನಾವು ಎಣಿಸುವುದು ಅದನ್ನೇ.

ಒಂದು ವಾಲು ಅಂದರೆ ಸರಿಯಾಗಿ ಒಂದು ಸೆಂಟ್ ಆಗುವಂತೆ ಕಟ್ಟಿದರೆ ಕೋಡಿನಲ್ಲಿ ಗುಣಾಕಾರವೇ ಬೇಡ. ಒಂದು ಸೆಂಟ್ ಎಂದರೆ ಇಂಚಿನ ನೂರನೇ ಒಂದು ಪಾಲು, 0.254 ಮಿ.ಮೀ. ಆಲಿಕೆಯ ಬಾಯಿಯ ಒಳವ್ಯಾಸ 15 ಸೆಂ.ಮೀ. ಇದ್ದರೆ ವಿಸ್ತೀರ್ಣ 7.5 × 7.5 × 3.14, ಹತ್ತಿರ ಹತ್ತಿರ 177 ಚದರ ಸೆಂ.ಮೀ. ಅದನ್ನು 0.0254 ಸೆಂ.ಮೀ.ಯಿಂದ ಗುಣಿಸಿದರೆ 4.5 ಮಿ.ಲೀ. ಬಟ್ಟಲಿನ ಪ್ರತಿ ಪಾಲೂ ಇಷ್ಟು ನೀರಿಗೆ ವಾಲಬೇಕು. 20 ಸೆಂ.ಮೀ. ಬಾಯಿಯಾದರೆ ಇದೇ ಲೆಕ್ಕದಲ್ಲಿ 8 ಮಿ.ಲೀ. ಬರುತ್ತದೆ.

ಅಡುಗೆಮನೆಯ ಫನೆಲ್ ಅಗಲವಾಗಿ, ಆಳವಿಲ್ಲದೆ ಇರುವುದರಿಂದ ಜೋರು ಹನಿ ಅದರಿಂದ ಹೊರಕ್ಕೆ ಸಿಡಿಯುತ್ತದೆ. ಅದರ ಮೇಲೆ ಒಂದು ಗೇಣು ಎತ್ತರದ ಪಿವಿಸಿ ಪೈಪಿನ ತುಂಡನ್ನು ಕೂರಿಸಿ. ಆಗ ವ್ಯಾಸ ಎಂದರೆ ಆ ಪೈಪಿನ ಒಳವ್ಯಾಸ, ಅದನ್ನೇ ಅಳೆದು ಲೆಕ್ಕ ಹಾಕಿ. ಒಳಗೆ ಸಣ್ಣ ಜಾಲರಿ ಇರಲಿ, ಸಿಲ್ವರ್ ಓಕ್ ಎಲೆ ಸೇರಿಕೊಂಡರೆ ಹಾದಿ ಕಟ್ಟುತ್ತದೆ.

ಬಟ್ಟಲನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದಲೋ ಎಣ್ಣೆ ಡಬ್ಬಿಯ ತಗಡಿನಿಂದಲೋ ಮಡಿಸಬಹುದು. ಬಟ್ಟಲು ವಾಲುವ ಅಚ್ಚಿಗೆ ಸೈಕಲ್ಲಿನ ಕಡ್ಡಿ. ಅದು ಸಲೀಸಾಗಿ ತಿರುಗುವಷ್ಟು ಅಗಲದ ಪೆನ್ನಿನ ನಳಿಕೆಯನ್ನು ಬಟ್ಟಲಿನ ತಳಕ್ಕೆ ಅಂಟಿಸಿ. ಎರಡೂ ಪಾಲಿನ ಕೆಳಗೆ ಒಂದೊಂದು ಸ್ಕ್ರೂ ಬರಬೇಕು, ವಾಲಿದ ಬಟ್ಟಲು ಅದರ ತಲೆಯ ಮೇಲೆ ಬಂದು ನಿಲ್ಲುತ್ತದೆ. ಸ್ಕ್ರೂ ಮೇಲೇರಿಸಿದರೆ ಕಡಿಮೆ ನೀರಿಗೇ ವಾಲುತ್ತದೆ, ಇಳಿಸಿದರೆ ಹೆಚ್ಚು ನೀರು ಬೇಡುತ್ತದೆ.

ರೀಡ್ ಸ್ವಿಚ್ ಗಾಜಿನ ಸಣ್ಣ ಕೊಳವೆ. ಅದರ ಕಾಲನ್ನು ಹಾಗೇ ಬಗ್ಗಿಸಿದರೆ ಗಾಜು ಬಿರುಕು ಬಿಡುತ್ತದೆ. ಗಾಜಿನ ಪಕ್ಕದಲ್ಲೇ ಕಾಲನ್ನು ಇಕ್ಕಳದಿಂದ ಗಟ್ಟಿಯಾಗಿ ಹಿಡಿದು, ಅದರಾಚೆಯ ತುದಿಯನ್ನು ಬಗ್ಗಿಸಿ. ಬಟ್ಟಲು ಎಡಕ್ಕೆ ನಿಂತಾಗಲೂ ಬಲಕ್ಕೆ ನಿಂತಾಗಲೂ ಸ್ವಿಚ್ ಬಿಟ್ಟಿರಬೇಕು, ಹಾದುಹೋಗುವಾಗ ಮಾತ್ರ ಕೂಡಬೇಕು. ಮೀಟರನ್ನು ಬೀಪಿಗೆ ಇಟ್ಟು, ಬಟ್ಟಲನ್ನು ಬೆರಳಿನಿಂದ ವಾಲಿಸುತ್ತಾ ಕೇಳಿ. ಒಂದು ವಾಲಿಗೆ ಒಂದೇ ಬೀಪ್ ಬರುವವರೆಗೆ ಆಯಸ್ಕಾಂತದ ದೂರ ಹೊಂದಿಸಿ.

ಈಗ ಅಳತೆಯ ಪರೀಕ್ಷೆ. ಮೆಡಿಕಲ್ ಅಂಗಡಿಯಿಂದ 5 ಮಿ.ಲೀ. ಸಿರಿಂಜ್ ಮತ್ತು ಒಂದು ಡ್ರಿಪ್ ಸೆಟ್ ತನ್ನಿ. ಸಿರಿಂಜಿನಲ್ಲಿ 4.5ರ ಗೆರೆಯವರೆಗೆ ನೀರು ತುಂಬಿ, ಬಟ್ಟಲಿಗೆ ಹನಿಹನಿಯಾಗಿ ಬಿಡಿ. ಕೊನೆಯ ಹನಿಗೆ ವಾಲಬೇಕು. ಎರಡೂ ಪಾಲಿಗೆ ಹೀಗೆ ಮಾಡಿ, ಸ್ಕ್ರೂ ತಿರುಗಿಸಿ ಸುಮಾರಿಗೆ ಹೊಂದಿಸಿಕೊಳ್ಳಿ. ಆಮೇಲೆ 450 ಮಿ.ಲೀ. ನೀರನ್ನು ಬಾಟಲಿಗೆ ಹಾಕಿ, ಡ್ರಿಪ್ ಸೆಟ್ಟಿನಿಂದ ಅರ್ಧ ಗಂಟೆಗೂ ಹೆಚ್ಚು ಹೊತ್ತು ನಿಧಾನಕ್ಕೆ ಬಿಡಿ. ಅದು ಒಂದು ಇಂಚು ಮಳೆಗೆ ಸಮ, ಅಂದರೆ 100 ವಾಲು. 95 ಬಂದರೆ ಪ್ರತಿ ಪಾಲೂ ಹೆಚ್ಚು ನೀರು ಹಿಡಿಯುತ್ತಿದೆ, ಎರಡೂ ಸ್ಕ್ರೂಗಳನ್ನು ಸಮವಾಗಿ ಸ್ವಲ್ಪ ಏರಿಸಿ. ಗಡಿಬಿಡಿಯಲ್ಲಿ ಸುರಿದರೆ ಲೆಕ್ಕ ಕಡಿಮೆ ಬರುತ್ತದೆ, ಯಾಕೆಂದರೆ ಬಟ್ಟಲು ವಾಲುತ್ತಿರುವ ಆ ಕ್ಷಣದಲ್ಲೂ ನೀರು ಸುರಿಯುತ್ತಲೇ ಇರುತ್ತದೆ. ಆಟಿಯ ಜಡಿಮಳೆಯಲ್ಲಿ ಇಂಥ ಯಂತ್ರಗಳು ಸ್ವಲ್ಪ ಕಡಿಮೆ ತೋರಿಸುವುದೂ ಇದೇ ಕಾರಣಕ್ಕೆ.

ಎಣಿಸುವ ಕೋಡ್

ರೀಡ್ ಸ್ವಿಚ್ಚಿನ ಒಂದು ಕಾಲು ಪಿನ್ 2ಕ್ಕೆ, ಇನ್ನೊಂದು ಗ್ರೌಂಡಿಗೆ, ಗುಂಡಿಯ ಹಾಗೇ. ತರ್ಕ ಇಷ್ಟೇ: ಪಿನ್ 2 ಹೈನಿಂದ ಲೋಗೆ ಬಿದ್ದರೆ, ಹಿಂದಿನ ಎಣಿಕೆಯಾಗಿ 200 ಮಿಲಿಸೆಕೆಂಡ್ ಕಳೆದಿದ್ದರೆ, ಲೆಕ್ಕಕ್ಕೆ ಒಂದು ಸೇರಿಸು, ಉಳಿಸು, ಪರದೆಗೆ ಬರೆ.

ಆ 200 ಯಾಕೆ? ಸ್ವಿಚ್ಚಿನ ಒಳಗಿನ ಲೋಹದ ನಾಲಿಗೆಗಳು ಕೂಡುವಾಗ, ಬಿಡುವಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತವೆ. ಬೋರ್ಡ್ ವೇಗವಾದ್ದರಿಂದ ಒಂದೇ ವಾಲನ್ನು ನಾಲ್ಕೈದು ಅಂತ ಎಣಿಸಿಬಿಡುತ್ತದೆ. ಗಂಟೆಗೆ 6 ಇಂಚಿನ ಬಿರುಸಿನಲ್ಲಿ ಸುರಿದರೂ ವಾಲು ಬರುವುದು 6 ಸೆಕೆಂಡಿಗೊಂದು, ಹಾಗಾಗಿ 200 ಮಿಲಿಸೆಕೆಂಡ್ ಕಣ್ಣು ಮುಚ್ಚಿದರೆ ಏನೂ ತಪ್ಪುವುದಿಲ್ಲ. ಸಮಯ ನೋಡಲು 'ಮಿಲ್ಲಿಸ್' ಬಳಸಿ. ಸುಮ್ಮನೆ ಕಾಯಿಸುವ 'ಡಿಲೇ' ಹಾಕಿದರೆ ಆ ಹೊತ್ತಿನಲ್ಲಿ ಬೋರ್ಡ್ ಬೇರೇನನ್ನೂ ಗಮನಿಸುವುದಿಲ್ಲ.

ಕರೆಂಟ್ ಹೋದರೆ ಲೆಕ್ಕ ಹೋಗಬಾರದು. ಊನೋದ ಚಿಪ್ಪಿನಲ್ಲಿ 1 ಕಿಲೋಬೈಟ್ ಇಇಪ್ರಾಮ್ ಇದೆ, ಅಲ್ಲಿ ಬರೆದದ್ದು ಉಳಿಯುತ್ತದೆ. ಒಂದು ಜಾಗದಲ್ಲಿ 1 ಲಕ್ಷ ಸಲ ಬರೆಯಬಹುದು ಅಂತ ತಯಾರಕರ ಭರವಸೆ. ಪ್ರತಿ ಸೆಂಟಿಗೂ ಬರೆದರೆ ಸವೆದುಹೋಗುವುದಿಲ್ಲವೇ ಅಂದರೆ, ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 100 ಇಂಚು ಬೀಳುವಲ್ಲಿ 10,000 ಬರಹ, ಹತ್ತು ವರ್ಷ ಬಾಳುತ್ತದೆ. ಭಾಗಮಂಡಲದ ಕಡೆ 200 ಇಂಚು ಸುರಿಯುವಲ್ಲಿ ಐದು ವರ್ಷ. ಚಿಂತೆ ಬೇಡ, ಪ್ರತಿ ವಾಲಿಗೂ ಬರೆಯಿರಿ. ಹೊಸ ಚಿಪ್ಪಿನಲ್ಲಿ ಮೊದಲ ಸಲ ಓದಿದಾಗ ಸೊನ್ನೆಯ ಬದಲು ಮೈನಸ್ 1 ಸಿಗುತ್ತದೆ, ಹಾಗಿದ್ದರೆ ಸೊನ್ನೆ ಎಂದುಕೊಳ್ಳುವಂತೆ ಒಂದು ಸಾಲು ಸೇರಿಸಿ.

ಗುಂಡಿ ಒತ್ತಿ ಹಿಡಿದಾಗ ಪರದೆಯಲ್ಲಿ 3, 2, 1 ಬರಲಿ. ಏನೂ ಆಗದೆ ಮೂರು ಸೆಕೆಂಡ್ ಕಾಯಿಸಿದರೆ ಯಾರೂ ಕಾಯುವುದಿಲ್ಲ, ಕೆಟ್ಟಿದೆ ಅಂತ ಬಿಟ್ಟುಹೋಗುತ್ತಾರೆ. ನಡುವೆ ಕೈ ಬಿಟ್ಟರೆ ಲೆಕ್ಕ ಹಾಗೇ ಇರಲಿ.

ಪರದೆ

ನಾಲ್ಕೇ ತಂತಿ: 5 ವೋಲ್ಟ್, ಗ್ರೌಂಡ್, ಎಸ್‌ಡಿಎ ಎ4ಕ್ಕೆ, ಎಸ್‌ಸಿಎಲ್ ಎ5ಕ್ಕೆ. ದೀಪ ಹತ್ತಿ ಅಕ್ಷರ ಕಾಣದಿದ್ದರೆ ಹಿಂದಿರುವ ನೀಲಿ ತಿರುಪನ್ನು ತಿರುಗಿಸಿ, ಮುಕ್ಕಾಲು ಪಾಲು ಅದೇ ಇರುತ್ತದೆ. ಆಗಲೂ ಆಗದಿದ್ದರೆ ಕೋಡಿನಲ್ಲಿ ಪರದೆಯ ವಿಳಾಸ ಬದಲಿಸಿ: ಈ ಅಡಾಪ್ಟರುಗಳು ಸಾಮಾನ್ಯವಾಗಿ ಹೆಕ್ಸ್ 27 ಇಲ್ಲವೇ 3ಎಫ್. ಕನ್ನಡ ಅಕ್ಷರ ಈ ಪರದೆಗೆ ಗೊತ್ತಿಲ್ಲ. ನಾವೇ ಬರೆದುಕೊಡಬಹುದಾದ ಆಕೃತಿಗಳೂ ಎಂಟೇ. ಅದರಲ್ಲಿ ಒದ್ದಾಡುವ ಬದಲು ಪರದೆಗೆ ಅಂಕಿ ಮಾತ್ರ ಬಿಟ್ಟು, 'ಈಗಿನದು', 'ಹಿಂದಿನದು' ಅಂತ ಪೆಟ್ಟಿಗೆಯ ಮೇಲೆ ಸ್ಟಿಕರ್ ಅಂಟಿಸಿ.

ಬೆಸುಗೆ, ಪೆಟ್ಟಿಗೆ, ಮಳೆಗಾಲ

ಬ್ರೆಡ್‌ಬೋರ್ಡ್ ಮಳೆಗಾಲ ತಡೆಯುವುದಿಲ್ಲ. ಶೀತಕ್ಕೆ ಒಳಗಿನ ಕ್ಲಿಪ್ ಕಿಲುಬು ಹಿಡಿಯುತ್ತದೆ. ತಂತಿಗಳನ್ನು ಪರ್ಫ್‌ಬೋರ್ಡಿಗೆ (ಬೆಸೆಯಲೆಂದೇ ಇರುವ ತೂತಿನ ಹಲಗೆ) ಬೆಸೆಯಿರಿ. ಕಾವು ತಾಗಿಸಬೇಕಾದ್ದು ಸೀಸಕ್ಕಲ್ಲ, ಕಾಲು ಮತ್ತು ತಾಮ್ರದ ಬಿಲ್ಲೆಗೆ. ಅವು ಕಾದರೆ ಸೀಸ ತಾನೇ ಹರಿದು ಕೂರುತ್ತದೆ. ಕಿಟಕಿ ತೆರೆದಿರಲಿ, ಮುಗಿದ ಮೇಲೆ ಕೈ ತೊಳೆದೇ ಊಟ. ಬೆಸುಗೆಯ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದರೆ ತೇವದಿಂದ ರಕ್ಷಣೆ.

ಬೋರ್ಡ್ ಜಗಲಿಯಲ್ಲೇ ಇರಲಿ, ಬಟ್ಟಲು ಮಾತ್ರ ಹೊರಗೆ. ಕೇಬಲ್ 10 ಮೀಟರಿನೊಳಗೆ ಮುಗಿಯಲಿ. ಉದ್ದ ತಂತಿಗೆ ಒಳಗಿನ ಪುಲಪ್ ಸಾಲದು, ಪಿನ್ 2 ಮತ್ತು 5 ವೋಲ್ಟ್ ನಡುವೆ 4.7 ಕಿಲೋಓಮ್, ಪಿನ್ 2 ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಸೇರಿಸಿ. ಪೆಟ್ಟಿಗೆಗೆ ಕೇಬಲ್ ಕೆಳಗಿನಿಂದ ಒಳಗೆ ಹೋಗಬೇಕು, ಅದಕ್ಕೂ ಮೊದಲು ತಂತಿ ಒಮ್ಮೆ ಕೆಳಕ್ಕೆ ಜೋತು ಮೇಲೇರಬೇಕು, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಹೂಮಳೆ ಸಿಡಿಲಿನ ಜೊತೆಗೇ ಬರುವುದರಿಂದ ಕೇಬಲನ್ನು ಮರದಿಂದ ಮರಕ್ಕೆ ಎಳೆಯಬೇಡಿ. ಗೋಡೆಯ ಪ್ಲಗ್ಗಿಗಿಂತ ಪವರ್ ಬ್ಯಾಂಕಿನಲ್ಲಿ ನಡೆಸುವುದು ಮೇಲು. ಕೆಲವು ಪವರ್ ಬ್ಯಾಂಕ್ ಎಳೆತ ತೀರಾ ಕಡಿಮೆಯಾದರೆ ತಾವೇ ಆಫ್ ಆಗುತ್ತವೆ, ಕೊಳ್ಳುವ ಮೊದಲು ಒಂದು ರಾತ್ರಿ ಪರೀಕ್ಷಿಸಿ. 9 ವೋಲ್ಟಿನ ಚೌಕ ಬ್ಯಾಟರಿ ಊನೋವನ್ನು ಒಂದು ದಿನವೂ ನಡೆಸುವುದಿಲ್ಲ. 230 ವೋಲ್ಟಿನ ಯಾವ ತಂತಿಯೂ ಈ ಪೆಟ್ಟಿಗೆಯೊಳಗೆ ಬರಕೂಡದು.

ಬಟ್ಟಲಿನ ಡಬ್ಬಿಯನ್ನು ರಸಮಟ್ಟ ಇಟ್ಟು ಮಟ್ಟಸವಾಗಿ ನಿಲ್ಲಿಸಿ, ಓರೆಯಾದರೆ ಎರಡು ಪಾಲಿನ ಲೆಕ್ಕ ಬೇರೆಬೇರೆಯಾಗುತ್ತದೆ. ಮರ, ಸೂರು ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬಿಡಿ. ತೋಟದೊಳಗೆ ನೆರಳಿನ ಮರದಿಂದ ತಪ್ಪಿಸಿಕೊಳ್ಳುವುದು ಕಷ್ಟ, ಕಣವೇ ಸರಿಯಾದ ಜಾಗ. ಜೇಡ, ಇರುವೆ ಒಳಗೆ ಸಂಸಾರ ಹೂಡುತ್ತವೆ, ನೀರು ಹೊರಹೋಗುವ ತೂತಿಗೂ ಜಾಲರಿ ಹಾಕಿ.

ಬೇರೆಯವರ ಕೈಗೆ ಕೊಡಿ

ಪೆಟ್ಟಿಗೆಯನ್ನು ಕೈಗಿತ್ತು ಬಾಯಿ ಮುಚ್ಚಿಕೊಂಡು ನೋಡಿ. ವಿವರಿಸಲು ಹೊರಟರೆ ಪರೀಕ್ಷೆ ಕೆಟ್ಟಿತು. ರೈಟರ್ "ಸಾರ್, ಇಲ್ಲಿ 0.85 ಅಂತ ಉಂಟು, ಇದು ಬೆಳಗ್ಗೆಯಿಂದ ಬಂದದ್ದಾ, ನಿನ್ನೆದೂ ಸೇರಿದ್ದಾ?" ಅಂದರೆ ಸ್ಟಿಕರ್ ಬದಲಿಸಬೇಕು, ರೈಟರನ್ನಲ್ಲ. ಅಜ್ಜಿ ಗುಂಡಿ ಒತ್ತಿ ಕೂಡಲೇ ಕೈ ತೆಗೆದರೆ ಎಷ್ಟು ಹೊತ್ತು ಹಿಡಿಯಬೇಕು ಅಂತ ಗುಂಡಿಯ ಪಕ್ಕದಲ್ಲೇ ಬರೆದಿರಬೇಕು. ಮಕ್ಕಳು ಹತ್ತು ಸಲ ಒತ್ತುತ್ತಾರೆ. ಲೆಕ್ಕ ಅಳಿಸದೆ ಉಳಿದರೆ ವಿನ್ಯಾಸ ಗಟ್ಟಿ.

ಹಳೆಯ ಮಳೆಮಾಪಕವನ್ನು ತೆಗೆಯಬೇಡಿ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಡೈರಿಯಲ್ಲಿ ಎರಡು ಕಾಲಂ ಎಳೆದು ಒಂದು ಮಳೆಗಾಲ ಪೂರ್ತಿ ಬರೆಯಿರಿ. ವ್ಯತ್ಯಾಸ ಯಾವಾಗಲೂ ಒಂದೇ ಕಡೆಗೆ ಇದ್ದರೆ ಸ್ಕ್ರೂ ಹೊಂದಿಸಿ. ಜಡಿಮಳೆಯ ದಿನ ಮಾತ್ರ ಕಡಿಮೆ ಬಂದರೆ ಅದು ಬಟ್ಟಲಿನ ಸ್ವಭಾವ. ಒಮ್ಮೆಲೇ ಸೊನ್ನೆ ತೋರಿಸಿದರೆ ಮೊದಲು ಜಾಲರಿಯ ಎಲೆ ನೋಡಿ, ಆಮೇಲೆ ಜೇಡ, ಆಮೇಲೆ ತಂತಿ. ಕೋಡನ್ನು ಕೊನೆಗೆ ಅನುಮಾನಿಸಿ.

ಇದಾದ ಮೇಲೆ

ಇದೇ ಗುಂಡಿ, ಪರದೆ, ಎಣಿಕೆಯ ತಿಳಿವಳಿಕೆಯಿಂದ ಕಣದಲ್ಲಿ ಕಾಫಿ ಒಣಗುವಾಗ ಮೊದಲ ಹನಿಗೇ ಬಜರ್ ಕೂಗುವ ಸಾಧನ ಕಟ್ಟಬಹುದು, ನೀರಿನ ಟ್ಯಾಂಕಿನ ಮಟ್ಟ ತೋರಿಸಬಹುದು. ಫೋನಿಗೆ ಸಂದೇಶ ಬರಬೇಕೆಂದರೆ ಇಎಸ್‌ಪಿ32 ಬೋರ್ಡಿಗೆ ಹೋಗಿ, ಅದರಲ್ಲಿ ವೈಫೈ ಒಳಗೇ ಇದೆ. ಆದರೆ ಅದರ ಪಿನ್ನುಗಳು 3.3 ವೋಲ್ಟಿನವು, 5 ವೋಲ್ಟ್ ತಾಗಿಸಿದರೆ ಸುಡಬಹುದು. ಮನೆಯ ವೈಫೈ ಮುಟ್ಟದ ತೋಟದ ಆಚೆ ಬದಿಗೆ ಲೋರಾ ರೇಡಿಯೋ ಮಾಡ್ಯೂಲ್ ಬೇಕಾಗುತ್ತದೆ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರಿಂದ 868 ಮೆಗಾಹರ್ಟ್ಸ್, ಕೊಳ್ಳುವಾಗ 433ರದ್ದನ್ನು ತರಬೇಡಿ. ಪೆಟ್ಟಿಗೆಯ ಮೇಲೆ ಬರೆದ ದೂರವನ್ನು ನಂಬಬೇಡಿ, ಗುಡ್ಡ ಮತ್ತು ಒದ್ದೆ ಮರಗಳು ಅದನ್ನು ಬಹಳ ತಗ್ಗಿಸುತ್ತವೆ. ಕಳಿಸುವ ಮಾಡ್ಯೂಲನ್ನು ಕೈಯಲ್ಲಿ ಹಿಡಿದು ತೋಟದಲ್ಲಿ ನಡೆದು, ಎಲ್ಲಿವರೆಗೆ ಸಿಗುತ್ತದೆ ಅಂತ ಮಳೆಗಾಲದಲ್ಲೇ ಗುರುತು ಹಾಕಿಕೊಳ್ಳಿ. ಆಂಟೆನಾ ಸಿಕ್ಕಿಸದೆ ಮಾತ್ರ ಆ ಮಾಡ್ಯೂಲಿಗೆ ಕರೆಂಟ್ ಕೊಡಬೇಡಿ.